ಬಾಣದ ಗುರುತು ಎಲ್ಲಿ ಹಾಕೋಣ?

ಮಾನ್ಯರೇ,

ನಿಮ್ಮ ಆರು ಪುಟದ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸ್ವಲ್ಪ ಬೇಜಾರಾಯಿತು. ಎರಡನೇ ಸಲ ಓದಿದಾಗ ಅರ್ಧದಷ್ಟು ಬೈಗುಳ ನಮಗೆ ಸಲ್ಲಬೇಕಾದದ್ದೇ ಅನ್ನಿಸಿತು. ಉಳಿದರ್ಧದ ಬಗ್ಗೆ ನನ್ನದೂ ಒಂದಿಷ್ಟು ಮಾತಿದೆ.

ಪತ್ರ ಓದದವರಿಗಾಗಿ ಅದರ ತಿರುಳು ಇಷ್ಟು. ನೀವು ವಿಜ್ಞಾನದ ಮೇಷ್ಟ್ರು. ಇಪ್ಪತ್ತು ವರ್ಷದ ಹಿಂದೆ ನಮ್ಮ ಪತ್ರಿಕೆಯ ಲೇಖನವೊಂದನ್ನು ಕತ್ತರಿಸಿ ತರಗತಿಯ ಗೋಡೆಗೆ ಅಂಟಿಸಿದ್ದಿರಿ. 'ಮನುಷ್ಯ ಆಫ್ರಿಕದಲ್ಲಿ ಹುಟ್ಟಿ ಹೊರಗೆ ಬಂದ, ನಿಯಾಂಡರ್ತಲ್‌ಗಳ ಜಾಗ ಹಿಡಿದ, ಅವರಿಗೂ ನಮಗೂ ರಕ್ತಸಂಬಂಧ ಇಲ್ಲ' ಎಂದು ಅದರಲ್ಲಿತ್ತು. (ನಿಯಾಂಡರ್ತಲ್ ಅಂದರೆ ಯುರೋಪು, ಏಷ್ಯಾದಲ್ಲಿ ಬದುಕಿ ಅಳಿದುಹೋದ ಹಳೆಯ ಮನುಷ್ಯರು.) ಕಳೆದ ಸಂಚಿಕೆಯಲ್ಲಿ ನಾವೇ 'ನಮ್ಮೊಳಗೆ ನಿಯಾಂಡರ್ತಲ್ ಇದ್ದಾನೆ' ಎಂದು ಬರೆದೆವು. ಎರಡು ಪುಟ ದಾಟಿದರೆ 'ಆಫ್ರಿಕದೊಳಗೂ ಮನುಷ್ಯನಿಗೆ ಒಂದೇ ತವರು ಇರಲಿಲ್ಲ' ಎಂಬ ಇನ್ನೊಂದು ಲೇಖನ. 'ಮಕ್ಕಳ ಮುಂದೆ ಮುಖ ಎಲ್ಲಿ ಇಟ್ಟುಕೊಳ್ಳಲಿ? ನಿಮ್ಮ ವಿಜ್ಞಾನಿಗಳಿಗೆ ಒಂದು ಮಾತಿನ ಮೇಲೆ ನಿಲ್ಲೋಕೆ ಬರಲ್ವಾ? ಹೀಗೆ ಜಗಳ ಆಡುವುದಾದರೆ ವಿಕಾಸವಾದವೇ ಅನುಮಾನ ಅಲ್ವಾ?' ಎಂದು ಕೇಳಿದ್ದೀರಿ. ಜೊತೆಗೆ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆ: ಮಂಗನಿಂದ ಮನುಷ್ಯ ಬಂದಿದ್ದರೆ ಮಂಗ ಇನ್ನೂ ಯಾಕಿದೆ?

ಹುಡುಗನದ್ದು ಸುಲಭ, ಅದನ್ನು ಮೊದಲು ಮುಗಿಸೋಣ. ಚಿಂಪಾಂಜಿ ನಮ್ಮ ಅಜ್ಜ ಅಲ್ಲ, ದಾಯಾದಿ. ಸುಮಾರು 60–70 ಲಕ್ಷ ವರ್ಷದ ಹಿಂದೆ ಇದ್ದ ಯಾವುದೋ ಹಿರಿಯರ ಎರಡು ಕವಲು ನಾವು. ದಾಯಾದಿ ಬದುಕಿದ್ದಾನೆ ಅಂದರೆ ಅದರಲ್ಲಿ ಆಶ್ಚರ್ಯ ಏನಿದೆ? ಈ ಗೊಂದಲಕ್ಕೆ ಗೂನು ಬೆನ್ನಿನ ಕೋತಿಯಿಂದ ನೆಟ್ಟಗೆ ನಿಂತ ಮನುಷ್ಯನವರೆಗೆ ಸಾಲಾಗಿ ನಡೆಯುವ ಆ ಚಿತ್ರವೇ ಕಾರಣ. ಅದನ್ನು ನಾವೂ ಮುಖಪುಟಕ್ಕೆ ಹಾಕಿದ್ದೇವೆ, ಒಂದಲ್ಲ ಮೂರು ಸಲ. ತಪ್ಪಾಯಿತು.

ಇನ್ನು ದೊಡ್ಡ ಜಗಳಕ್ಕೆ ಬರೋಣ.

1980ರ ದಶಕದಲ್ಲಿ ಎರಡು ಪಕ್ಷಗಳಿದ್ದವು. ಮನುಷ್ಯನ ಪಳೆಯುಳಿಕೆ ಅಭ್ಯಾಸ ಮಾಡುವ ಮಿಲ್ಫರ್ಡ್ ವೋಲ್ಪಾಫ್, ಅಲನ್ ಥಾರ್ನ್, ವು ಷಿನ್‌ಝಿ 1984ರಲ್ಲಿ ಒಂದು ವಾದ ಮುಂದಿಟ್ಟರು. ಹತ್ತು ಲಕ್ಷಕ್ಕೂ ಹೆಚ್ಚು ವರ್ಷದ ಹಿಂದೆಯೇ ಹಳೆಯ ಮನುಷ್ಯರು ಆಫ್ರಿಕ ಬಿಟ್ಟು ಏಷ್ಯಾ, ಯುರೋಪಿಗೆ ಹರಡಿದರು. ಹರಡಿದವರು ಅಲ್ಲಲ್ಲೇ ಬದಲಾಗುತ್ತಾ ಇಂದಿನ ಮನುಷ್ಯರಾದರು. ಅಕ್ಕಪಕ್ಕದ ಗುಂಪುಗಳ ನಡುವೆ ಕೂಡಿಕೆ ನಿಲ್ಲದೇ ಇದ್ದುದರಿಂದ ಎಲ್ಲರೂ ಒಂದೇ ಜಾತಿಯ ಜೀವಿಯಾಗಿ ಉಳಿದರು. ಚೀನಾದ ಹಳೆಯ ತಲೆಬುರುಡೆಗೂ ಅಲ್ಲಿನ ಈಗಿನವರ ಮುಖಕ್ಕೂ ಹೋಲಿಕೆ ಇದೆ, ಅದೇ ನಮಗೆ ಸಾಕ್ಷಿ ಎಂದರು. 'ಒಂದೊಂದು ಜನಾಂಗ ಬೇರೆ ಬೇರೆಯಾಗಿ ಹುಟ್ಟಿತು' ಎಂದು ಇವರು ಹೇಳಿದ್ದರೆಂದು ಇಂದಿಗೂ ಕೆಲವರು ಬರೆಯುತ್ತಾರೆ. ಇವರು ಹಾಗೆ ಹೇಳಿರಲಿಲ್ಲ. ಕೂಡಿಕೆಯೇ ಇವರ ವಾದದ ಪ್ರಾಣ.

ಎದುರು ಪಕ್ಷದಲ್ಲಿ ಕ್ರಿಸ್ ಸ್ಟ್ರಿಂಗರ್ ಮೊದಲಾದವರು. ಇಂದಿನ ಮನುಷ್ಯ ಈಚೆಗೆ, ಆಫ್ರಿಕದಲ್ಲಿ ಮಾತ್ರ ರೂಪುಗೊಂಡ. ಅಲ್ಲಿಂದ ಹೊರಟವರು ಮೊದಲೇ ಹರಡಿದ್ದ ಹಳಬರ ಜಾಗಕ್ಕೆ ಬಂದರು, ಹಳಬರು ಅಳಿದುಹೋದರು. ಈ ಪಕ್ಷಕ್ಕೆ ಭಾರೀ ಬಲ ಬಂದದ್ದು 1987ರಲ್ಲಿ, ಎಲುಬು ಅಗೆಯುವವರಿಂದಲ್ಲ, ಪ್ರಯೋಗಾಲಯದಿಂದ. ರೆಬೆಕ್ಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಅಲನ್ ವಿಲ್ಸನ್ ಮೂವರೂ 147 ಜನರ ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗದ) ಡಿಎನ್‌ಎ ಹೋಲಿಸಿ ನೋಡಿದರು. ಅದನ್ನು ಹೆಚ್ಚಾಗಿ ತೆಗೆದದ್ದು ಹೆರಿಗೆಯ ನಂತರ ಬೀಳುವ ಮಾಸಿನಿಂದ. ಎಲ್ಲರ ಎಳೆಯೂ ಸುಮಾರು 2 ಲಕ್ಷ ವರ್ಷ ಹಿಂದಕ್ಕೆ, ಆಫ್ರಿಕದ ಒಬ್ಬ ಹೆಂಗಸಿನ ಹತ್ತಿರ ಹೋಗಿ ನಿಂತಿತು.

ಆಮೇಲೆ 1997. ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ 1856ರಲ್ಲಿ ಸಿಕ್ಕಿದ್ದ ನಿಯಾಂಡರ್ತಲ್ ಮೂಳೆಯಿಂದಲೇ ತಳಿವಿಜ್ಞಾನಿ ಸ್ವಾಂತೆ ಪೇಬೊ ತಂಡ ಮೈಟೊಕಾಂಡ್ರಿಯದ ಡಿಎನ್‌ಎ ಹೊರತೆಗೆಯಿತು. ಅದು ಇಂದಿನ ಯಾರಿಗೂ ಹೊಂದಲಿಲ್ಲ. ಬಹಳ ಮಂದಿ ಕೇಸು ಮುಗಿಯಿತು ಎಂದರು. ನಿಮ್ಮ ಗೋಡೆಯ ಮೇಲಿನ ಲೇಖನ ಆ ಹುಮ್ಮಸ್ಸಿನಲ್ಲಿ ಬರೆದದ್ದು.

ಇಲ್ಲಿ ನಮ್ಮ ತಪ್ಪು ಯಾವುದು ಅಂತ ಬಿಡಿಸಿ ಹೇಳಬೇಕು. ಮೈಟೊಕಾಂಡ್ರಿಯ ಮಕ್ಕಳಿಗೆ ತಾಯಿಯಿಂದ ಬರುತ್ತದೆ. ತಾಯಿಯಿಂದ ಮಗಳಿಗೆ ಮಾತ್ರ ಕೊಡುವ ಒಂದು ಉಂಗುರ ಇದೆ ಅಂದುಕೊಳ್ಳಿ. ಯಾವಳಿಗೋ ಗಂಡುಮಕ್ಕಳೇ ಹುಟ್ಟಿದರು. ಉಂಗುರ ಅಲ್ಲಿಗೇ ನಿಂತಿತು. ಹಾಗಂತ ಅವಳ ವಂಶ ನಿಂತಿತೇ? ಮೊಮ್ಮಕ್ಕಳು, ಮರಿಮಕ್ಕಳು ಊರ ತುಂಬಾ ಇರಬಹುದು. ನಿಯಾಂಡರ್ತಲ್ ಉಂಗುರ ಇಂದು ಯಾರ ಬೆರಳಲ್ಲೂ ಇಲ್ಲ ಎಂಬುದಷ್ಟೇ 1997ರಲ್ಲಿ ಗೊತ್ತಾದ ಸಂಗತಿ. 'ಕೂಡಿಕೆ ನಡೆದೇ ಇಲ್ಲ ಎಂದು ಈ ಒಂದು ಎಳೆಯಿಂದ ಹೇಳಲಾಗದು' ಎಂದು ಪೇಬೊ ತಂಡವೇ ಎಚ್ಚರಿಸಿತ್ತು. ನಾವು 'ಕಾಣಲಿಲ್ಲ' ಎಂಬುದನ್ನು 'ಇಲ್ಲ' ಎಂದು ಅಚ್ಚು ಹಾಕಿದೆವು.

2010ರಲ್ಲಿ ಅದೇ ಪೇಬೊ, ಅದೇ ನಿಯಾಂಡರ್ತಲ್. ಈ ಸಲ ಕೈಗೆ ಬಂದದ್ದು ಉಂಗುರ ಒಂದೇ ಅಲ್ಲ, ಮನೆಯ ಸಾಮಾನೆಲ್ಲ: ಜೀವಕೋಶದ ಕೇಂದ್ರದಲ್ಲಿರುವ ಡಿಎನ್‌ಎಯ ಬಹುಪಾಲು. ಆಫ್ರಿಕದ ಹೊರಗಿನ ಮೂಲದ ಜನರಲ್ಲಿ ನಿಯಾಂಡರ್ತಲ್ ಪಾಲು ಇದೆ ಎಂದು ಗೊತ್ತಾಯಿತು. ಈಗಿನ ಲೆಕ್ಕ ಸುಮಾರು ಶೇಕಡಾ 2. ತನ್ನ ಮೊದಲಿನ ಫಲಿತಾಂಶದಿಂದ ಜಗತ್ತೇ ಕಟ್ಟಿಕೊಂಡಿದ್ದ ಕಥೆಯನ್ನು ಆತನೇ ಕೆಡವಿದ. 2022ರಲ್ಲಿ ನೊಬೆಲ್ ಬಂತು. ಒಂದು ಮಾತಿನ ಮೇಲೆ ನಿಲ್ಲಬೇಕು ಎನ್ನುವ ನಿಮ್ಮ ಅಳತೆಗೋಲಿನಲ್ಲಿ ಆತ ನಪಾಸು. ನಾನಂತೂ ನೂರಕ್ಕೆ ನೂರು ಕೊಡುತ್ತೇನೆ.

2010ರಲ್ಲೇ ಇನ್ನೊಂದು ವಿಚಿತ್ರ ನಡೆಯಿತು. ಸೈಬೀರಿಯದ ಡೆನಿಸೋವಾ ಗುಹೆಯಲ್ಲಿ 2008ರಲ್ಲಿ ಸಿಕ್ಕಿದ್ದ ಕಿರುಬೆರಳಿನ ಮೂಳೆಯ ಒಂದು ಚೂರು ನಮ್ಮದೂ ಅಲ್ಲ, ನಿಯಾಂಡರ್ತಲ್‌ದೂ ಅಲ್ಲ, ಮೂರನೆಯವರದ್ದು ಎಂದು ಡಿಎನ್‌ಎ ಹೇಳಿತು. ಮುಖ ಹೇಗಿತ್ತು ಅಂತ ಗೊತ್ತಿಲ್ಲದ ಜನಕ್ಕೆ ಡೆನಿಸೋವರು ಎಂದು ಹೆಸರಿಟ್ಟರು. ಪಾಪುವಾ ನ್ಯೂಗಿನಿಯ ಜನರಲ್ಲಿ ಇವರ ಪಾಲು ಜಾಸ್ತಿ ಇದೆ. ಟಿಬೆಟಿನವರು ಎತ್ತರದ ತೆಳು ಗಾಳಿಯಲ್ಲಿ ಆರಾಮಾಗಿರಲು ನೆರವಾಗುವ ಒಂದು ಜೀನ್ ಕೂಡ ಇವರ ಕಡೆಯಿಂದ ಬಂದದ್ದು. 2018ರಲ್ಲಂತೂ ಅದೇ ಗುಹೆಯ ಇನ್ನೊಂದು ಚೂರು ಮೂಳೆ ಎಲ್ಲರನ್ನೂ ಬೆಚ್ಚಿಬೀಳಿಸಿತು. ಅದು ಹದಿಮೂರಾದರೂ ತುಂಬಿದ್ದ ಒಬ್ಬ ಹುಡುಗಿಯದ್ದು. ತಾಯಿ ನಿಯಾಂಡರ್ತಲ್, ತಂದೆ ಡೆನಿಸೋವ. ಸುಮಾರು 90 ಸಾವಿರ ವರ್ಷದ ಹಿಂದಿನ ಆ ಹುಡುಗಿಯ ಬಗ್ಗೆ ನನಗೆ ವಿಚಿತ್ರವಾದ ಮಮತೆ. ಯಾವ ಮಾತು ಕೇಳಿ ಬೆಳೆದಳೋ, ಯಾರ ಮಗ್ಗುಲಲ್ಲಿ ಮಲಗಿದಳೋ. ಇರಲಿ, ಇದು ಸಂಪಾದಕನ ಚಪಲ. 2025ರಲ್ಲಿ, ಚೀನಾದ ಹಾರ್ಬಿನ್‌ನ ದೊಡ್ಡ ತಲೆಬುರುಡೆಯೊಂದು ಡೆನಿಸೋವರದ್ದೇ ಎಂದು ಅದರ ಹಲ್ಲಿನ ಪಾಚಿಯಲ್ಲಿ ಉಳಿದಿದ್ದ ಡಿಎನ್‌ಎಯಿಂದ ತಿಳಿಯಿತು. ಹೆಸರಿಟ್ಟ ಹದಿನೈದು ವರ್ಷಕ್ಕೆ ಮುಖ ಸಿಕ್ಕಿತು.

ಹಾಗಾದರೆ ಗೆದ್ದವರು ಯಾರು? ನನ್ನ ಲೆಕ್ಕ ಕೇಳಿ. ಎರಡೂ ಪಕ್ಷದವರು ತಾವು 'ಇದೆ' ಎಂದ ಕಡೆ ಬಹುಮಟ್ಟಿಗೆ ಸರಿ, 'ಇಲ್ಲ' ಎಂದ ಕಡೆ ಎಡವಿದರು. ನಮ್ಮ ಮೂಲದ ಬಹುದೊಡ್ಡ ಪಾಲು ಈಚಿನ ಆಫ್ರಿಕದ್ದು. ಇದರಲ್ಲಿ ಸ್ಟ್ರಿಂಗರ್ ಪಕ್ಷದ್ದೇ ಮೇಲುಗೈ, ಸಣ್ಣ ಗೆಲುವಲ್ಲ ಅದು. ಆದರೆ ಹಳಬರು ಸುಮ್ನೆ ಮಾಯವಾಗಲಿಲ್ಲ. ಕೂಡಿಕೆ ಇತ್ತು ಎಂದು ವೋಲ್ಪಾಫ್ ಹಟ ಹಿಡಿದದ್ದು ಪೂರ್ತಿ ವ್ಯರ್ಥವಾಗಲಿಲ್ಲ. ಸ್ಟ್ರಿಂಗರ್ ಕೂಡ ಆಮೇಲೆ ಕೂಡಿಕೆಯನ್ನು ಒಪ್ಪಿಕೊಂಡರು.

ನಿಮ್ಮನ್ನು ಹೆಚ್ಚು ಕೆಣಕಿದ್ದು 'ಒಂದೇ ತವರು ಇಲ್ಲ' ಎನ್ನುವ ಲೇಖನ. ಮೊರಾಕ್ಕೊದ ಜೆಬೆಲ್ ಇರ್ಹೂದ್ ಎಂಬಲ್ಲಿ 1961ರಲ್ಲಿ ಗಣಿ ಕೆಲಸದವರಿಗೆ ಒಂದು ತಲೆಬುರುಡೆ ಸಿಕ್ಕಿತ್ತು. 40 ಸಾವಿರ ವರ್ಷ ಹಳೆಯದು, ಆಫ್ರಿಕದ ನಿಯಾಂಡರ್ತಲ್ ಇರಬೇಕು ಎಂದು ಬದಿಗಿಟ್ಟರು. ಮತ್ತೆ ಅಗೆದಾಗ ಇನ್ನಷ್ಟು ಎಲುಬು, ಬೆಂಕಿಯಲ್ಲಿ ಬೆಂದ ಕಲ್ಲಿನ ಹತ್ಯಾರು ಸಿಕ್ಕವು. ಕಲ್ಲು ಕೊನೆಯ ಸಲ ಕಾದದ್ದು ಯಾವಾಗ ಎಂದು ಅಳೆಯುವ ವಿಧಾನವಿದೆ. ಅದರಿಂದ 2017ರಲ್ಲಿ ಬಂದ ಉತ್ತರ: ಸುಮಾರು 3 ಲಕ್ಷ ವರ್ಷ. ಮುಖ ಹೆಚ್ಚುಕಡಿಮೆ ನಮ್ಮದೇ. ತಲೆಯ ಹಿಂಭಾಗ ಮಾತ್ರ ನಮ್ಮ ಹಾಗೆ ಗುಂಡಗಿಲ್ಲ, ಉದ್ದಕ್ಕಿದೆ. ಅಲ್ಲಿಯವರೆಗೆ ಎಲ್ಲರ ಕಣ್ಣೂ ಇಥಿಯೋಪಿಯದ ಕಡೆ ಇತ್ತು. ಮೊರಾಕ್ಕೊ ಖಂಡದ ಇನ್ನೊಂದು ಮೂಲೆ. ಅಲ್ಲೂ ನಮ್ಮಂಥವರು ಅಷ್ಟು ಹಿಂದೆ ಇದ್ದರೆ ತೊಟ್ಟಿಲು ಎಲ್ಲಿಡುವುದು?

ಎಲಿನರ್ ಸ್ಕೆರಿ ಮತ್ತು ಜೊತೆಗಾರರು 2018ರಲ್ಲಿ ತೊಟ್ಟಿಲನ್ನೇ ಬಿಟ್ಟುಬಿಡಿ ಎಂದರು. ಆಫ್ರಿಕದ ತುಂಬಾ ಗುಂಪುಗಳು ಚದುರಿದ್ದವು. ಮರುಭೂಮಿ ಹಬ್ಬಿದಾಗ ದೂರವಾದವು, ಮಳೆ ಬಂದು ಹಸಿರಾದಾಗ ಮತ್ತೆ ಸೇರಿದವು. ಒಬ್ಬರಲ್ಲಿ ಮುಖ, ಇನ್ನೊಬ್ಬರಲ್ಲಿ ತಲೆಯ ಆಕಾರ, ಹೀಗೆ ಬಿಡಿಬಿಡಿಯಾಗಿ ಬಂದದ್ದು ಕೂಡುತ್ತಾ ಹೋಗಿ ನಾವಾದೆವು. 2023ರಲ್ಲಿ ಇಂದಿನ ಆಫ್ರಿಕದ ಜನರ ಡಿಎನ್‌ಎ ಇಟ್ಟುಕೊಂಡು ಮಾಡಿದ ಲೆಕ್ಕವೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಇದು ಕೊನೆಯ ಮಾತು ಅಂತ ನಾನು ಬರೆದುಕೊಡುವುದಿಲ್ಲ. ಬರೆದುಕೊಟ್ಟು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ.

ಇನ್ನು ವಿಕಾಸವಾದವೇ ಅನುಮಾನ ಎಂಬ ಮಾತು. ನೆಂಟರು ಯಾವ ದಾರಿಯಲ್ಲಿ ಬಂದರು ಎಂದು ಮನೆಯವರು ಜಗಳ ಆಡುತ್ತಿದ್ದಾರೆ. ನೆಂಟರು ಬಂದು ಪಡಸಾಲೆಯಲ್ಲಿ ಕೂತಿದ್ದಾರೆ ಎಂಬುದರಲ್ಲಿ ತಕರಾರಿಲ್ಲ. ಮಕ್ಕಳಿಗೆ ತೋರಿಸಲು ಒಂದೇ ಪುರಾವೆ ಸಾಕು. ಚಿಂಪಾಂಜಿಗೆ 24 ಜೋಡಿ ಕ್ರೋಮೊಸೋಮ್ (ಜೀವಕೋಶದೊಳಗಿನ ಡಿಎನ್‌ಎ ಕಟ್ಟು), ನಮಗೆ 23. ಇನ್ನೊಂದು ಜೋಡಿ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ನಮ್ಮ ಎರಡನೇ ಕ್ರೋಮೊಸೋಮ್ ಎಂದರೆ ಹಳೆಯ ಎರಡು ತುದಿಗೆ ತುದಿ ಅಂಟಿಕೊಂಡದ್ದು. ತುದಿಯಲ್ಲಿ ಮಾತ್ರ ಇರಬೇಕಾದ ಗುರುತು ಅದರ ನಡುವೆ ಇರುವುದನ್ನು 1991ರಲ್ಲೇ ತೋರಿಸಿದ್ದಾರೆ. ಹೊಲಿಗೆ ಇನ್ನೂ ಕಾಣುತ್ತದೆ.

ಜಗಳ ಆಡದೆ ಒಮ್ಮತದಲ್ಲಿದ್ದ ಕಾಲವೂ ಇತ್ತು, ಅದರ ಕಥೆ ಕೇಳಿ. ಮೊದಲು ಮೆದುಳು ದೊಡ್ಡದಾಯಿತು, ಉಳಿದದ್ದೆಲ್ಲ ಆಮೇಲೆ ಎಂದು ಇಪ್ಪತ್ತನೇ ಶತಮಾನದ ಆರಂಭದಲ್ಲಿ ದೊಡ್ಡವರು ನಂಬಿದ್ದರು. 1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲಿ ದೊಡ್ಡ ಬುರುಡೆ, ಕೋತಿಯ ದವಡೆ ಇರುವ ಪಳೆಯುಳಿಕೆ 'ಸಿಕ್ಕಿತು'. ನಂಬಿಕೆಗೆ ಹೊಂದಿತು, ಒಪ್ಪಿಕೊಂಡರು. 1925ರಲ್ಲಿ ರೇಮಂಡ್ ಡಾರ್ಟ್ ದಕ್ಷಿಣ ಆಫ್ರಿಕದ ಟಾಂಗ್‌ನಲ್ಲಿ ಸಿಕ್ಕ ಮಗುವಿನ ಬುರುಡೆ ತೋರಿಸಿದ. ಮೆದುಳು ಚಿಕ್ಕದು, ನಡಿಗೆ ಎರಡು ಕಾಲಿನದು. ನಂಬಿಕೆಗೆ ಹೊಂದಲಿಲ್ಲ, ಬಹುತೇಕರು ಮೂಗು ಮುರಿದರು. ಪಿಲ್ಟ್‌ಡೌನ್ ಎಂದರೆ ಮನುಷ್ಯನ ಬುರುಡೆಗೆ ಒರಾಂಗುಟಾನ್ ದವಡೆ ಸೇರಿಸಿ, ಹಲ್ಲನ್ನು ಅರದಿಂದ ಉಜ್ಜಿ, ಬಣ್ಣ ಹಚ್ಚಿದ ಮೋಸ ಎಂದು ಬಯಲಾದದ್ದು 1953ರಲ್ಲಿ. 1974ರಲ್ಲಿ ಇಥಿಯೋಪಿಯದ ಹಾಡಾರ್‌ನಲ್ಲಿ ಲೂಸಿ ಸಿಕ್ಕಿದಳು. 32 ಲಕ್ಷ ವರ್ಷ ಹಳೆಯವಳು, ಚಿಕ್ಕ ಮೆದುಳು, ಎರಡು ಕಾಲಿನ ನಡಿಗೆ. ಡಾರ್ಟ್ ಹೇಳಿದ್ದೇ ಸರಿ.

ಪತ್ರದ ಕೊನೆಗೆ ಅಲಿಸ್ಟರ್ ಹಾರ್ಡಿ 1960ರಲ್ಲಿ ಹೇಳಿದ 'ನೀರಿನಲ್ಲಿ ಬದುಕಿದ ವಾನರ' ವಾದವನ್ನು ಯಾಕೆ ಮುಟ್ಟಲಿಲ್ಲ ಎಂದಿದ್ದೀರಿ. ಕಥೆ ಸೊಗಸಾಗಿದೆ. ಅದನ್ನು ಹೇಳುವ ಪಳೆಯುಳಿಕೆ ಒಂದೂ ಇಲ್ಲ. ಅಷ್ಟೇ ಕಾರಣ.

ಗೋಡೆಯ ಹಳೇ ಕಾಗದ ಕೀಳಬೇಡಿ. ಪಕ್ಕದಲ್ಲಿ ಅಂಟಿಸಲು ಹೊಸದು ಕಳಿಸುತ್ತೇವೆ. ಈ ಸಲ ಸಾಲಾಗಿ ನಡೆಯುವ ಕೋತಿಗಳು ಬೇಡ, ಕವಲೊಡೆದು ಮತ್ತೆ ಸೇರುವ ಹೊಳೆಯ ಹಾಗೆ ಬರೆದುಕೊಡು ಎಂದು ನಮ್ಮ ಚಿತ್ರಕಾರರಿಗೆ ಹೇಳಿದ್ದೇನೆ. ನಿನ್ನೆ ಪೆನ್ಸಿಲ್ ಗೀಟು ತಂದು ತೋರಿಸಿದರು. ನಿಯಾಂಡರ್ತಲ್ ಕವಲು ನಮ್ಮದನ್ನು ಕೂಡುವ ಜಾಗದಲ್ಲಿ ಬಾಣ ಆ ಕಡೆಯಿಂದ ಈ ಕಡೆಗೋ, ಈ ಕಡೆಯಿಂದ ಆ ಕಡೆಗೋ ಎಂದು ಕೇಳಿದರು. ಎರಡೂ ಕಡೆಗೆ ಹಾಕಿ ಎಂದೆ, ಏಕೆಂದರೆ ನಮ್ಮವರ ಡಿಎನ್‌ಎ ನಿಯಾಂಡರ್ತಲ್‌ಗಳಲ್ಲೂ ಸಿಕ್ಕಿದೆ. 'ಇನ್‌ಮೇಲೆ ಬದಲಾಗಲ್ಲ ತಾನೇ?' ಎಂದರು. ಪೆನ್ಸಿಲ್‌ನಲ್ಲೇ ಇರಲಿ ಎಂದು ಹೇಳಿದ್ದೇನೆ.

— ಸಂಪಾದಕ