ಒಮ್ಮೆ ಎಬ್ಬಿಸಿದ್ದಾರಲ್ಲ

ಮದುವೆ ತಡವಾಗುವುದಕ್ಕೆ ಮನೆಯ ಯಾವುದೋ ಕುಲೆ, ಎಂದರೆ ಸತ್ತವರ ಪ್ರೇತ, ಕಾರಣ ಎಂದು ಕೇಳಿ ಕೇಳಿ ಸೋತ ಹೆಣ್ಣುಮಕ್ಕಳು ಸಲಹೆಗೆಂದು ನನ್ನಲ್ಲಿಗೆ ಬರುತ್ತಲೇ ಇರುತ್ತಾರೆ. ಈ ಪ್ರಕರಣ ಬರೆಯಲು ಆ ಮನೆಯವರು ಒಪ್ಪಿದ್ದಾರೆ. ಗುರುತು ಸಿಗುವ ವಿವರ ಬದಲಿಸಿದ್ದೇನೆ.

ಬದಿಯಡ್ಕ ಕಡೆಯ ಹುಡುಗಿ, ವಯಸ್ಸು 29. ರಾತ್ರಿ ನಿದ್ದೆಯಿಲ್ಲ. ಹೆಣ್ಣು ನೋಡಲು ಬರುತ್ತಾರೆಂದರೆ ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ. ಮೂರು ಸಂಬಂಧ ತಪ್ಪಿದ ಮೇಲೆ ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿದರು. ಅಜ್ಜಿಯ ಅಣ್ಣ, ಮದುವೆಯಾಗದ ಸಿಪಾಯಿ, 1945ರ ಮಾರ್ಚಿನಲ್ಲಿ ಬರ್ಮಾದ ಮೇಕ್ಟಿಲಾ ಕಾಳಗದಲ್ಲಿ ಸತ್ತವ, ಅಡ್ಡ ನಿಂತಿದ್ದಾನೆ ಎಂದು ಕಂಡುಬಂತು. ಅವನನ್ನು ಸುಡದೆ ಹೂತದ್ದು ಇನ್ನೊಂದು ದೋಷ. ಅಲ್ಲಿಂದ ಮೂಳೆ ತರಬೇಕು, ಆಗದಿದ್ದರೆ ಮಣ್ಣಾದರೂ. ಆಮೇಲೆ ಕುಲೆ ಮದಿಮೆ, ಎಂದರೆ ಮದುವೆಯಾಗದೆ ಸತ್ತವನಿಗೆ ಹಾಗೆಯೇ ಸತ್ತ ಹೆಣ್ಣೊಬ್ಬಳೊಡನೆ ಮಾಡಿಸುವ ಮದುವೆ.

ಹುಡುಗಿಯ ತಮ್ಮ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ದಾಖಲೆಯಲ್ಲಿ ಹೆಸರು ಹುಡುಕಿ ತೆಗೆದಿದ್ದ. ಸಮಾಧಿ ಇರುವುದು ಯಾಂಗೋನ್ (ರಂಗೂನ್) ಹೊರಗಿನ ತೌಕ್ಯಾನ್‌ನಲ್ಲಿ. ಊರು ಸೌತ್ ಕೆನರಾ ಎಂದಿತ್ತು. ಬದಿಯಡ್ಕ ಇರುವ ಕಾಸರಗೋಡು 1956ರಲ್ಲಿ ಕೇರಳಕ್ಕೆ ಹೋದದ್ದನ್ನು ಆ ಸತ್ತವನಿಗೆ ಹೇಳುವವರು ಯಾರು!

ಮೂರನೇ ಭೇಟಿಗೆ ಅಜ್ಜಿಯನ್ನೂ ಕರೆಸಿದೆ. 91 ವರ್ಷ, ಕಿವಿ ಸ್ವಲ್ಪ ಮಂದ. ಈ ಗಲಾಟೆಯಲ್ಲಿ ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಸ್ಮಶಾನದ ಚಿತ್ರ ತೋರಿಸಿದೆ: ಹುಲ್ಲು, ಗಿಡ್ಡ ಕಲ್ಲುಗಳ ಸಾಲು. ಅಲ್ಲಿ 6,374 ಸಮಾಧಿಗಳು. ಗುರುತೇ ಸಿಗದವರ, ಸಮಾಧಿಯಿಲ್ಲದವರ ಸುಮಾರು 27,000 ಹೆಸರು ಅಲ್ಲೇ ಕಂಬಗಳ ಮೇಲಿವೆ.

"ಅಣ್ಣ ಅಲ್ಲಿಯೇ ಸತ್ತದ್ದಾ?"

"ಇಲ್ಲ ಅಜ್ಜಿ. ಮೊದಲು ಮೇಕ್ಟಿಲಾದಲ್ಲಿ ಹೂತಿದ್ದರು. ಅಲ್ಲಿಗೆಲ್ಲ ಹೋಗಿ ನೋಡಿಕೊಳ್ಳುವುದು ಕಷ್ಟ ಅಂತ 1951ರಿಂದ ತೆಗೆದು ಇಲ್ಲಿಗೆ ತಂದರು."

ಅಜ್ಜಿ ಬಹಳ ಹೊತ್ತು ಕಿವಿಯ ಓಲೆಯನ್ನು ತಿರುಗಿಸುತ್ತಾ ಕೂತರು.

"ಒಮ್ಮೆ ಎಬ್ಬಿಸಿದ್ದಾರಲ್ಲ ಮಗಾ. ಇನ್ನೊಮ್ಮೆ ಯಾಕೆ? ಬೆಳಿಗ್ಗೆ ಎಬ್ಬಿಸಿದರೇ ಅವನಿಗೆ ಸಿಟ್ಟು ಬರುತ್ತಿತ್ತು." ಆಮೇಲೆ ಮಗಳ ಕಡೆ ತಿರುಗಿ, "ಈ ಓಲೆಗೆ ಮನಿಯಾರ್ಡರ್ ಕಳಿಸಿದವ ಅವ. ನನ್ನ ಪುಳ್ಳಿಯ ಮದುವೆಗೆ ಅವ ಅಡ್ಡ ಬರ್ತಾನಾ?"

ಹುಡುಗಿ ಅತ್ತಳು. ಆ ಓಲೆಯ ಕತೆ ಅವಳಿಗೆ ಅಂದೇ ಗೊತ್ತಾದದ್ದು. ಮನೆಯಲ್ಲಿ ಅಷ್ಟು ದಿನ ಅವನಿಗೆ ಇದ್ದದ್ದು "ಕುಲೆ" ಎಂಬ ಒಂದೇ ಹೆಸರು.

ನಾನು ಕೊಟ್ಟ ಸಲಹೆ ಇಷ್ಟೇ. ಅವನ ನೆನಪು ಮತ್ತು ಇವಳ ಮದುವೆ, ಎರಡನ್ನೂ ಬೇರೆ ಮಾಡಿ. ಮಾರ್ಚಿನಲ್ಲಿ ಅವನು ಸತ್ತ ದಿನ ದೀಪ ಇಟ್ಟು, ಮನೆಹೆಸರು ಸೇರಿಸಿ ಅವನ ಪೂರ್ತಿ ಹೆಸರು ಹೇಳಿ, ಅಜ್ಜಿ ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಆರು ತಿಂಗಳು ಹೆಣ್ಣು ನೋಡುವ ಶಾಸ್ತ್ರ ಬೇಡ. ಎದೆಬಡಿತಕ್ಕೆ ಡಾಕ್ಟರರನ್ನು ನೋಡಲೇಬೇಕು. ಮೂಳೆ ತರುವ ಮಾತು ಬಿಡಿ: ಮಹಾಯುದ್ಧಗಳಲ್ಲಿ ಸತ್ತ ಬ್ರಿಟಿಷ್ ಸೇನೆಯ ಸೈನಿಕರನ್ನು ಊರಿಗೆ ಸಾಗಿಸಬಾರದೆಂಬುದು ಮೊದಲ ಮಹಾಯುದ್ಧದಿಂದಲೂ ಬಂದ ಕಟ್ಟಳೆ.

ಕುಲೆ ಮದಿಮೆ ಮಾಡಬೇಡಿ ಎಂದು ನಾನು ಹೇಳಲಿಲ್ಲ. ಇದಕ್ಕೆ ವಿಚಾರವಾದಿ ಗೆಳೆಯರೊಬ್ಬರು ನನ್ನನ್ನು ಚೆನ್ನಾಗಿ ಝಾಡಿಸಿದರು. ಆದರೆ ಮಗನಿಗೆ ಮದುವೆ ಕಾಣದೆ ಹೋದ ತಾಯಿಯ ಸಂಕಟದಿಂದಲೇ ಆ ಆಚರಣೆ ಹುಟ್ಟಿರಬೇಕು. ಅದನ್ನು ಗೇಲಿ ಮಾಡಲು ನನಗೆ ಬಾಯಿ ಬರುವುದಿಲ್ಲ. ಬೇಕಿದ್ದರೆ ಮಾಡಿ, ಅವನಿಗಾಗಿ ಮಾಡಿ, ಇವಳ ಜಾತಕ ಹಿಡಿದುಕೊಂಡು ಮಾಡಬೇಡಿ ಎಂದೆ. ಪರಿಹಾರವೆಂದು ಮಾಡಿದರೆ, ಮುಂದಿನ ಸಂಬಂಧ ತಪ್ಪಿದ ದಿನ ಸತ್ತವನಿಗೆ ಮತ್ತೆ ಬೈಗುಳ, ಬದುಕಿದ್ದವಳಿಗೆ ಮತ್ತೆ ವಾಂತಿ.

ಈ ಸಲದ ಆಟಿ (ತುಳು ತಿಂಗಳು) ಅಮಾವಾಸ್ಯೆಗೆ ಅವನಿಗೆಂದು ಇಟ್ಟ ಎಲೆಗೆ ಹಲಸಿನ ಹಣ್ಣಿನ ಗಟ್ಟಿ (ಕಡುಬು) ಬಡಿಸಿದರಂತೆ, ಅಜ್ಜಿ ಹೇಳಿ ಮಾಡಿಸಿದ್ದು. ಹುಡುಗಿಗೆ ನಿದ್ದೆ ಬರುತ್ತಿದೆ. ಸಂಬಂಧ ಇನ್ನೂ ಕೂಡಿಬಂದಿಲ್ಲ. ಮಣ್ಣು ತರಿಸುವ ಮಾತನ್ನು ಅವಳ ತಾಯಿ ಇನ್ನೂ ಪೂರ್ತಿ ಬಿಟ್ಟಿಲ್ಲ.