ಫ್ಯಾಂಟಸಿ ಗೇಮ್‌ನ ರಾಜ್ಯದಲ್ಲಿ ಹೆಂಗಸರು ಯೋಧರು, ಗಂಡಸರು ಮನೆವಾರ್ತೆಯವರು: ಇಷ್ಟು ಅದಲುಬದಲು ಮಾಡಿದರೆ ಸಾಕೇ?

ಕನ್ನಡದಲ್ಲಿ ಗೇಮ್ ಮಾಡುತ್ತಿರುವ ನೀವು ಹೀಗೆ ಕೇಳಿದ್ದೀರಿ. ಸಾಕಾಗುವುದಿಲ್ಲ. ಗಂಡು ಅಥವಾ ಹೆಣ್ಣು ಎಂಬ ಒಂದೇ ಟಾಗಲ್ (ಎರಡರಲ್ಲಿ ಒಂದನ್ನು ಆರಿಸುವ ಗುಂಡಿ) ಇಟ್ಟು ಉಳಿದದ್ದನ್ನೆಲ್ಲ ಅದಕ್ಕೆ ತೂಗುಹಾಕುವ ನಿಮ್ಮ ಯೋಜನೆಯನ್ನೇ ನಾನೂ ನನ್ನ ಮೊದಲ ಆರ್‌ಪಿಜಿಯಲ್ಲಿ (ಪಾತ್ರ ವಹಿಸಿ ಆಡುವ ಗೇಮ್‌ನಲ್ಲಿ) ಹಿಡಿದಿದ್ದೆ. ಅದು ಮುರಿದದ್ದು ಎಲ್ಲಿ ಎಂಬುದನ್ನೇ ಮೊದಲು ಹೇಳುತ್ತೇನೆ. ಸಂಭಾಷಣೆ ಬರೆಯುವ ಮುಂಚೆ ತಿದ್ದಿದರೆ ಅರ್ಧ ದಿನದ ಕೆಲಸ, ಬರೆದ ಮೇಲೆ ತಿಂಗಳುಗಟ್ಟಲೆ.

ಪಾತ್ರದ ಡೇಟಾದಲ್ಲಿ ‘ಹೆಣ್ಣೇ?’ ಎಂಬ ಒಂದು ಬೂಲಿಯನ್ (ಹೌದು-ಇಲ್ಲ ಎಂಬ ಎರಡೇ ಉತ್ತರದ ಖಾನೆ) ಇತ್ತು. ಅದೊಂದೇ ಐದು ಪ್ರಶ್ನೆಗಳಿಗೆ ಉತ್ತರ ಕೊಡುತ್ತಿತ್ತು: ಯಾವ ದೇಹದ ಮಾಡೆಲ್, ಯಾವ ದನಿ, ಯಾವ ಸರ್ವನಾಮ, ಊರವರ ಕಣ್ಣಿಗೆ ಈ ವ್ಯಕ್ತಿ ಯಾರು, ಯಾವ ಹುದ್ದೆಗೆ ಅರ್ಹ. ಆಮೇಲೆ ಕಥೆಗೆ ಕಾವಲುಗಾರರ ಒಂದು ಪಂಥ ಬಂತು. ದೀಕ್ಷೆಯ ದಿನ ಗಂಡು-ಹೆಣ್ಣೆಂಬ ಗುರುತನ್ನೇ ಕಳಚಿಡುವವರು ಅವರು. ಸ್ಕ್ರಿಪ್ಟ್‌ಗಳಲ್ಲೆಲ್ಲ ‘ಹೆಣ್ಣಾದರೆ ಹೀಗೆ, ಇಲ್ಲವಾದರೆ ಹಾಗೆ’ ಎಂದು ಬರೆದಿತ್ತು. ಆ ‘ಇಲ್ಲವಾದರೆ’ ಎಂದರೆ ಗಂಡು. ಹಾಗಾಗಿ ಪಂಥದವರೆಲ್ಲ ಯಾರೂ ನಿರ್ಧರಿಸದೆಯೇ ‘ಅವನು’ ಆಗಿಬಿಟ್ಟರು. ಬೂಲಿಯನ್ ಕಿತ್ತು ಮೂರು ಆಯ್ಕೆಯ ಎನಮ್ (ಪಟ್ಟಿಯಿಂದ ಒಂದನ್ನೇ ಆರಿಸುವ ಖಾನೆ) ಹಾಕಿದೆ. ಅದೂ ಅದೇ ತಪ್ಪು: ಪ್ರಶ್ನೆಗಳು ಐದೇ ಇದ್ದವು, ಉತ್ತರ ಇನ್ನೂ ಒಂದೇ ಖಾನೆಯಲ್ಲಿತ್ತು. ದಪ್ಪ ದನಿಯ, ಹೆಣ್ಣು ದೇಹದ, ದೀಕ್ಷೆ ಪಡೆದ ವ್ಯಕ್ತಿಗೆ ಎಲ್ಲೂ ಜಾಗವಿರಲಿಲ್ಲ. ಅಷ್ಟರಲ್ಲಿ ದನಿ ಮುದ್ರಣವೂ ಮುಗಿದಿತ್ತು. ಪಠ್ಯದಲ್ಲಿ ಸರ್ವನಾಮ ತಿದ್ದಬಹುದು, ಮುದ್ರಿಸಿದ ಮಾತಿನೊಳಗಿನದನ್ನು ಮತ್ತೆ ನುಡಿಸಿಯೇ ತಿದ್ದಬೇಕು.

ಐದನ್ನೂ ಇಂದೇ ಬೇರೆ ಮಾಡಿ. 2023ರ ಬಾಲ್ಡರ್ಸ್ ಗೇಟ್ 3 ಎಂಬ ಗೇಮ್ ದೇಹ, ದನಿ, ಗುರುತನ್ನು ಪ್ರತ್ಯೇಕ ಆಯ್ಕೆಗಳಾಗಿ ಕೊಡುತ್ತದೆ. ನಾಲ್ಕನೆಯ ಪ್ರಶ್ನೆಯನ್ನಂತೂ ಪಾತ್ರದ ಡೇಟಾದಲ್ಲಿ ಇಡಲೇಬೇಡಿ. ಊರವರ ಕಣ್ಣಿಗೆ ಯಾರು ಎಂಬುದು ನೋಡುವವರ ಸಂಸ್ಕೃತಿಗೆ ಸೇರಿದ್ದು. ಪ್ರತಿ ಸಂಸ್ಕೃತಿಗೂ ಒಂದು ಕೋಷ್ಟಕ ಮಾಡಿ: ಉಡುಗೆ, ಕಸುಬು, ದೀಕ್ಷೆಯ ಗುರುತು ನೋಡಿ ಅದು ಉತ್ತರ ಕೊಡಲಿ. ಒಂದೇ ಪಾತ್ರ ಗಡಿ ದಾಟಿದ ಕೂಡಲೇ ಬೇರೆಯಾಗಿ ಕಾಣಿಸಿಕೊಳ್ಳುವುದು ಈ ಇಡೀ ವಿಷಯದಲ್ಲಿ ಅತ್ಯಂತ ಫಲವತ್ತಾದ ಜಾಗ. 2014ರ ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್‌ನಲ್ಲಿ ಕುನಾರಿ ಎಂಬ ಜನಾಂಗದವರ ಬಳಿ, ಹುಟ್ಟಿದ ಲಿಂಗ ಬಿಟ್ಟು ಇನ್ನೊಂದರಲ್ಲಿ ಬಾಳುವವರಿಗೆ ‘ಅಕುನ್-ಅಥ್ಲೋಕ್’ ಎಂಬ ಪದವೇ ಇದೆ. ಒಂದು ಪದ ಇದೆ ಎನ್ನುವುದರಿಂದಲೇ ಆ ಸಮಾಜ ಆಳವಾಗಿ ಕಾಣುತ್ತದೆ.

ಕನ್ನಡದಲ್ಲಿ ಸಂಭಾಷಣೆ ಬರೆಯುತ್ತೀರಿ ಎಂದಿದ್ದೀರಿ. ಸರ್ವನಾಮದ ಟೋಕನ್ (ಗೇಮ್ ತಾನೇ ಪದ ತುಂಬುವ ಜಾಗ) ಮಾತ್ರ ಬದಲಿಸಿದರೆ ‘ಅವರು ಕತ್ತಿ ಎತ್ತಿದಳು’ ಎಂದು ಬರುತ್ತದೆ. ನಮ್ಮಲ್ಲಿ ಕ್ರಿಯಾಪದವೂ ಲಿಂಗ ಹೇಳುತ್ತದೆ. ಪ್ರತ್ಯಯಕ್ಕೆ ಇನ್ನೊಂದು ಟೋಕನ್ ಅಂಟಿಸಲು ಹೋಗಬೇಡಿ, ಒಬ್ಬ-ಒಬ್ಬಳು-ಒಬ್ಬರು ಬಂದಲ್ಲಿ ಅದೂ ಸಿಕ್ಕಿಹಾಕಿಕೊಳ್ಳುತ್ತದೆ. ಐಸಿಯು ಮೆಸೇಜ್‌ಫಾರ್ಮ್ಯಾಟ್ ಎಂಬ ಸಂದೇಶ ಬರೆಯುವ ವಿಧಾನದಲ್ಲಿ, ಪಾತ್ರಕ್ಕೆ ತಕ್ಕ ವಾಕ್ಯ ಆರಿಸುವ ‘ಸೆಲೆಕ್ಟ್’ ಬಳಸಿ ಇಡೀ ವಾಕ್ಯವನ್ನೇ ಮೂರು ಸಲ ಬರೆಯಿರಿ. ಅದರಲ್ಲಿ ಕಡ್ಡಾಯವಾದ ‘ಅದರ್’ (ಉಳಿದವರು) ಕವಲಿಗೆ ‘ಅವರು’ ರೂಪ ಹಾಕಿ. ಎಷ್ಟೋ ಕಡೆ ಮೂರು ಬರೆಯುವುದೂ ಬೇಡ: ‘ನಾನು ಬಂದೆ’, ‘ನೀನು ಬಂದೆ’, ‘ಬರಲಿ’, ‘ಕತ್ತಿ ಎತ್ತಿದ ಕೈ’, ಇವುಗಳಲ್ಲಿ ಲಿಂಗವೇ ಇಲ್ಲ. ಆಟಗಾರರನ್ನು ನೇರವಾಗಿ ಮಾತಾಡಿಸುವ ಸಾಲುಗಳು ಬಹುಪಾಲು ಹೀಗೇ ಪಾರಾಗುತ್ತವೆ. ತೊಡಕಿರುವುದು ‘ಅವರು’ ಹೊತ್ತು ತರುವ ಗೌರವದಲ್ಲಿ. ಪಂಥದವರನ್ನು ಹಗೆಯೊಬ್ಬ ಬಯ್ಯುವಾಗ ‘ಅವರು’ ಎಂದರೆ ಬೈಗುಳದ ಕಾವೇ ಆರಿಹೋಗುತ್ತದೆ. ಅಂಥಲ್ಲಿ ಎದುರಿಗೇ ನಿಲ್ಲಿಸಿ ‘ನೀನು’ ಎನ್ನಿಸಿ. ‘ಅದು’ ಎಂದು ಕರೆಸುವುದು ತುಂಬ ಕ್ರೂರ. ಇಡೀ ಆಟದಲ್ಲಿ ಒಬ್ಬ ಪಾತ್ರದ ಬಾಯಲ್ಲಿ, ಒಂದೇ ಸಲ.

ಈಗ ನಿಮ್ಮ ಅದಲುಬದಲಿಗೆ ಬರುತ್ತೇನೆ. ಕತ್ತಿ ಹೆಂಗಸಿನ ಕೈಗೆ, ಸೌಟು ಗಂಡಸಿನ ಕೈಗೆ ಹೋದರೆ ಆಟಗಾರರಿಗೆ ಹತ್ತು ನಿಮಿಷದಲ್ಲಿ ತಂತ್ರ ಗೊತ್ತಾಗುತ್ತದೆ, ಆಮೇಲೆ ಏನೂ ಉಳಿಯುವುದಿಲ್ಲ. ಕಾರಣದಿಂದ ಶುರುಮಾಡಿ. ಗಾಯ ಮಾಯಿಸುವ ಮಂತ್ರ ಎಲ್ಲರಿಗೂ ಸಿಗುವ ಲೋಕದಲ್ಲಿ ಹೆರಿಗೆಯ ಸಾವು ಇರುವುದಿಲ್ಲ. ಬೆಂಕಿಯುಂಡೆ ಎಸೆಯಲು ತೋಳ್ಬಲ ಬೇಡ. ಹಾಗಿದ್ದ ಮೇಲೆ ಅಲ್ಲಿ ಕೆಲಸ ಹಂಚಿದ್ದು ಯಾವುದು? ಮಂತ್ರ ತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ: ಆಸ್ತಿ ಹೆಣ್ಣಿನ ಸಾಲಿನಲ್ಲಿ ಹೋಗುತ್ತದೆ, ಮದುವೆಯಾದವನು ಹೆಂಡತಿಯ ಮನೆಗೆ ಬರುತ್ತಾನೆ, ಮಂತ್ರವಿಲ್ಲದ ಮಗಳ ಪಾಡು ಏನು ಎಂಬ ಕ್ವೆಸ್ಟ್ (ಆಟಗಾರರು ಕೈಗೊಳ್ಳುವ ಕಾರ್ಯ) ತಾನಾಗಿ ಹುಟ್ಟುತ್ತದೆ. ಮೊದಲ ಊರಿನ ಮೂವತ್ತು ಜನರಿಗೆ ಒಂದು ಶೀಟ್ ಮಾಡಿ, ನಾಲ್ಕೇ ಕಾಲಂ: ಕಸುಬೇನು, ಕಲಿಸಿದ್ದು ಯಾರು, ಯಾರ ಮನೆಯಲ್ಲಿ ವಾಸ, ಸತ್ತ ಮೇಲೆ ಆ ಕಸುಬು, ಮನೆ ಯಾರಿಗೆ. ಖಾಲಿ ಉಳಿದ ಖಾನೆಗಳಲ್ಲೇ ನೀವು ಇನ್ನೂ ಯೋಚಿಸದ ಜಾಗಗಳಿವೆ.

ಅಂಕಿಗಳಲ್ಲಿ ಮಾತ್ರ ಲಿಂಗ ಬೆರೆಸಬೇಡಿ. 1978ರ ಎಡಿ ಅಂಡ್ ಡಿ (ಅಡ್ವಾನ್ಸ್‌ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನಾಟ) ನಿಯಮಪುಸ್ತಕ ಹೆಣ್ಣು ಪಾತ್ರದ ಬಲಕ್ಕೆ ಮಿತಿ ಹಾಕಿತ್ತು, ಎರಡನೆಯ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಎಲ್ಡರ್ ಸ್ಕ್ರೋಲ್ಸ್ ಗೇಮ್ ಸರಣಿಯ ಮಾರೋವಿಂಡ್, ಆಬ್ಲಿವಿಯನ್‌ಗಳಲ್ಲಿ ಆರಂಭದ ಗುಣಾಂಕ ಗಂಡು-ಹೆಣ್ಣಿಗೆ ಬೇರೆ ಇತ್ತು, ಅದೇ ಸರಣಿಯ ಸ್ಕೈರಿಮ್‌ನಲ್ಲಿ ಇಲ್ಲ. ವ್ಯತ್ಯಾಸ ಇಟ್ಟರೆ ಆಟಗಾರರು ಗುರುತನ್ನು ಲಾಭ ನೋಡಿ ಆರಿಸುತ್ತಾರೆ.

ಕೊನೆಗೆ ಸ್ಪಾನ್ ಟೇಬಲ್ (ಎಲ್ಲಿ ಯಾವ ಪಾತ್ರ ಕಾಣಿಸಿಕೊಳ್ಳಬೇಕು ಎಂಬ ಪಟ್ಟಿ) ತೆರೆದು ನೋಡಿ. ರಾಣಿ, ಸೇನಾಪತಿ ಹೆಂಗಸರಾಗಿದ್ದೂ ದಾರಿಯ ದರೋಡೆಕೋರರು, ಬಾಗಿಲ ಕಾವಲಿನವರು, ಯುದ್ಧಭೂಮಿಯ ಹೆಣಗಳು ಎಲ್ಲ ಗಂಡಸರಾಗಿದ್ದರೆ, ಅದು ಡೀಫಾಲ್ಟ್ ಮಾಡೆಲ್ ಬದಲಿಸದೆ ಬಿಟ್ಟದ್ದರ ಫಲ. ಆಟಗಾರರು ರಾಣಿಯನ್ನು ನೋಡುವುದು ಎರಡು ಸಲ, ಕಾವಲಿನವರನ್ನು ಇನ್ನೂರು ಸಲ.