ಚೆಸ್ ಪ್ರಶ್ನೋತ್ತರ: ಒಂದು ನಡೆಗೆ ಎಷ್ಟು ದಿನ?

ಪ್ರಶ್ನೆ: ನಾನು ಮಲ್ಪೆಯಲ್ಲಿ ಆಳಸಮುದ್ರ ಬೋಟಿಗೆ ಹೋಗುವವನು. ಮಂಗಳೂರಿನಲ್ಲಿರುವ ಭಾವನ ಜೊತೆ ಮೊಬೈಲಿನಲ್ಲಿ, ನಡೆಗೆ 3 ದಿನದ ಲೆಕ್ಕದಲ್ಲಿ ಚೆಸ್ ಆಡುತ್ತೇನೆ. ಸಮುದ್ರಕ್ಕೆ ಹೋದರೆ ಹತ್ತು ದಿನ ನೆಟ್‌ವರ್ಕ್ ಸಿಗುವುದಿಲ್ಲ. ನನ್ನ ಬಳಿ ಒಂದು ಆನೆ ಜಾಸ್ತಿ ಇದ್ದ ಆಟವನ್ನೂ 3 ದಿನದ ಟೈಮ್ ಮುಗಿದು ಸೋತೆ. "ರೂಲ್ಸ್ ಅಂದ್ರೆ ರೂಲ್ಸ್" ಅನ್ನುತ್ತಾರೆ ಭಾವ. ಇದು ನ್ಯಾಯವಾ?
— ಓದುಗರು, ಮಲ್ಪೆ

ಉತ್ತರ: ಆ ಆಟ ಭಾವನದ್ದೇ. 3 ದಿನ ಎಂದು ಇಬ್ಬರೂ ಒಪ್ಪಿ ಶುರು ಮಾಡಿದ್ದೀರಿ. ಆದರೆ ಆ ಒಪ್ಪಂದವೇ ಸರಿಯಿರಲಿಲ್ಲ. ಭಾವ ದಿನಾ ಸಂಜೆ ಮೊಬೈಲ್ ತೆಗೆದು ಬೋರ್ಡ್ ನೋಡಬಹುದು. ನಿಮಗೆ ದಡಕ್ಕೆ ಬಂದ ಮೇಲಷ್ಟೇ ಪುರುಸೊತ್ತು. ನಡೆಗೆ ಇಷ್ಟು ದಿನ ಅನ್ನುವ ಲೆಕ್ಕದಲ್ಲಿ ಪೆಟ್ಟು ತಿನ್ನುವುದು ನಿಧಾನವಾಗಿ ಯೋಚಿಸುವವರಲ್ಲ, ದುಡಿಮೆಗೆಂದು ದೂರ ಹೋಗುವವರು. ನನಗೆ ಇದು ಬೇಸರದ ವಿಷಯ.

ಅಂಚೆಯಲ್ಲಿ ಚೆಸ್ ಆಡುವಾಗ ಇದನ್ನು ಯೋಚಿಸಿದ್ದರು. ನಡೆ ಬರೆದ ಕಾರ್ಡು ದಾರಿಯಲ್ಲಿದ್ದ ದಿನಗಳನ್ನು ಯಾರ ಲೆಕ್ಕಕ್ಕೂ ಹಿಡಿಯುತ್ತಿರಲಿಲ್ಲ. ಕೈಗೆ ಬಂದ ದಿನದಿಂದ ಉತ್ತರಕ್ಕೆ ಮುದ್ರೆ ಬೀಳುವ ದಿನದವರೆಗಿನದ್ದು ಮಾತ್ರ ಯೋಚನೆಯ ಸಮಯ. ಈಗಲೂ ಐಸಿಸಿಎಫ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ಹಲವು ಟೂರ್ನಿಗಳಲ್ಲಿ 10 ನಡೆಗೆ 50 ದಿನ ಕೊಡುತ್ತಾರೆ. ಉಳಿಸಿದ ದಿನ ನಿಮ್ಮ ಖಾತೆಯಲ್ಲೇ ಇರುತ್ತದೆ. ಜೊತೆಗೆ ವರ್ಷಕ್ಕೆ ಇಷ್ಟು ದಿನ ರಜೆ. ನೀವು ಹತ್ತು ದಿನ ಸಮುದ್ರದಲ್ಲಿದ್ದು, ದಡದಲ್ಲಿ ಎರಡು ದಿನದಲ್ಲಿ ಮೂರು ನಡೆ ಮುಗಿಸಿದರೂ ಈ ಲೆಕ್ಕದಲ್ಲಿ ಆರಾಮವಾಗಿ ಆಡಬಹುದು. ನನ್ನ ಪ್ರಕಾರ ಎಲ್ಲರಿಗೂ ನ್ಯಾಯ ಕೊಡುವ ಕ್ರಮ ಇದೇ.

ನಾವು ಮೊಬೈಲಿನಲ್ಲಿ ಆಡುವ ಲಿಚೆಸ್, ಚೆಸ್ ಡಾಟ್ ಕಾಮ್‌ಗಳಲ್ಲಿ ನಡೆಗೆ ಇಷ್ಟು ದಿನ ಅನ್ನುವುದೇ ಕ್ರಮ, 1ರಿಂದ 14 ದಿನದವರೆಗೆ. ಚೆಸ್ ಡಾಟ್ ಕಾಮ್‌ನಲ್ಲಿ ರಜೆ ಹಾಕಬಹುದು, ಲಿಚೆಸ್‌ನಲ್ಲಿ ಅದಿಲ್ಲ. ನೀವು 14 ದಿನ ಇಟ್ಟುಕೊಳ್ಳಿ. ಅದರಲ್ಲೂ ಒಂದು ತೊಡಕಿದೆ. ಇಬ್ಬರೂ ಪ್ರತಿ ನಡೆಗೂ ಪೂರ್ತಿ ಸಮಯ ಬಳಸಿದರೆ 40 ನಡೆಯ ಆಟಕ್ಕೆ 1,120 ದಿನ, ಮೂರು ವರ್ಷ ದಾಟುತ್ತದೆ! ಹಾಗಾಗಿ ಭಾವನಿಗೆ ಮೊದಲೇ ಹೇಳಿ: "ನಾನು ದಡದಲ್ಲಿದ್ದಾಗ ನೀವೂ ಬೇಗ ಆಡಬೇಕು."

ಬೋಟು ಹತ್ತುವ ಮುಂಚೆ ಷರತ್ತಿನ ನಡೆಗಳನ್ನೂ ಹಾಕಿಡಿ. ಅವರು ಕುದುರೆಯಲ್ಲಿ ನಿಮ್ಮ ಒಂಟೆ ಹೊಡೆದರೆ, ಪದಾತಿಯಲ್ಲಿ ವಾಪಸ್ ಹೊಡೆಯುವುದು ಬಿಟ್ಟು ನಿಮಗೆ ಬೇರೆ ದಾರಿಯೇ ಇಲ್ಲ ಅಂದುಕೊಳ್ಳಿ. ಅದನ್ನು ಈಗಲೇ ಬರೆದಿಟ್ಟರೆ ನೀವು ನಡುಕಡಲಿನಲ್ಲಿ ಬಲೆ ಎಳೆಯುತ್ತಿದ್ದಾಗ ನಡೆ ತಾನಾಗಿ ಬೀಳುತ್ತದೆ. ಭಾವ ಬೇರೇನಾದರೂ ಆಡಿದರೆ ಮಾತ್ರ ಕಾಯುತ್ತದೆ.

ಇನ್ನೂ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಹೇಗೂ ಮೀನುಗಾರಿಕೆಗೆ ನಿಷೇಧ, 61 ದಿನ ನೀವು ಊರಲ್ಲೇ. ನಡೆಗೆ 1 ದಿನದ ಆಟಗಳನ್ನು ಆಗ ಇಟ್ಟುಕೊಳ್ಳಿ. ಆಗ ಭಾವನಿಗೆ ನೆಟ್‌ವರ್ಕಿನ ಲಾಭ ಇರುವುದಿಲ್ಲ, ಇಬ್ಬರದೂ ಆಟವೇ ಮಾತಾಡುತ್ತದೆ.

ಪ್ರಶ್ನೆ: ನನ್ನ ಎದುರಾಳಿ ಸೋಲುತ್ತಿದ್ದಾರೆ. ಈಗ ಪ್ರತಿ ನಡೆಗೂ ಪೂರಾ 3 ದಿನ ಎಳೆಯುತ್ತಾರೆ. ದೂರು ಕೊಡಬಹುದಾ?
— ಓದುಗರು, ಕದ್ರಿ

ಉತ್ತರ: ದೂರು ಬೇಡ. ಆ 3 ದಿನ ಅವರ ಹಕ್ಕು. ಅವರ ಮನೆಯಲ್ಲಿ ಯಾರಿಗೆ ಹುಷಾರಿಲ್ಲವೋ, ಪರೀಕ್ಷೆ ಇದೆಯೋ ನಮಗೆ ಕಾಣುವುದಿಲ್ಲ ಅಲ್ವಾ? ಸುಮ್ನೆ ಮೆಸೇಜು ಹಾಕಿ ಒತ್ತಾಯ ಮಾಡುವುದೂ ಸರಿಯಲ್ಲ. ಜತೆಗೆ ಇನ್ನೊಂದೆರಡು ಆಟ ಇಟ್ಟುಕೊಂಡರೆ ಕಾಯುವುದು ಭಾರ ಅನ್ನಿಸುವುದಿಲ್ಲ. ಮುಂದಿನ ಸಲ ಅವರ ಜೊತೆ ಆಡುವುದಾದರೆ ನಡೆಗೆ 1 ದಿನ ಅಂತ ಮೊದಲೇ ಕೇಳಿ. ಒಪ್ಪದಿದ್ದರೆ ಬೇರೆಯವರನ್ನು ಹುಡುಕಿ.